ದಾನಕ್ಕೆ ಬಂದ ಎಮ್ಮೆ

ದಾನಕ್ಕೆ ಬಂದ ಎಮ್ಮೆಯ ಹಲ್ಲನ್ನು ಎಣಿಸಬಾರದೆಂದು ಹಿರಿಯರು ಹೇಳುತ್ತಾರೆ. ಈ ಮಾತಿನಲ್ಲಿ ಸೌಜನ್ಯವಿದೆಯೆಂಬುದರಲ್ಲಿ ಸಂದೇಹವಿಲ್ಲ. ಕೊಟ್ಟವನ ಮನಸ್ಸನ್ನು ನೋಯಿಸಬಾರದು, ಪಡೆದವನು ಕೃತಜ್ಞನಾಗಿರಬೇಕು. ಆದರೆ ಹಲ್ಲೆಣಿಸದೆ ಕೊಟ್ಟಿಗೆಗೆ ಕಟ್ಟಿಕೊಂಡ ಎಮ್ಮೆಯು ಹಾಲು ಕರೆಯದೆ ಹೋದರೆ ನಷ್ಟವು ಯಾರದು? ಪಡೆದವನದು ಮಾತ್ರವೆ, ಅಥವಾ ಕೊಟ್ಟವನದೂ ಉಂಟೆ? ಅರುವತ್ತೆಂಟು ವರ್ಷಗಳ ಆಯುಷ್ಯದಲ್ಲಿ ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡವನಲ್ಲ. ಕೇಳಿಕೊಳ್ಳುವಂತೆ ಮಾಡಿದವನು ನನ್ನ ಸೋದರಳಿಯ. ಅದಕ್ಕೆ ನಿಮಿತ್ತವಾದುದು ಎಮ್ಮೆಯಲ್ಲ, ಅಂಗೈಯಗಲದ ಫೋನಿನೊಳಗೆ ಕುಳಿತಿರುವ ಒಂದು ಆ್ಯಪು.

ನಮ್ಮದು ಸಕಲೇಶಪುರದ ಸೀಮೆಯಲ್ಲಿ ಒಂದು ಸಣ್ಣ ಕಾಫಿ ತೋಟ. ನಮ್ಮ ತಂದೆಯವರಿಗೆ ಮಳೆಯ ಲೆಕ್ಕವನ್ನು ಬರೆದಿಡುವ ಅಭ್ಯಾಸವಿದ್ದಿತು. ಬೆಳಿಗ್ಗೆ ಎದ್ದೊಡನೆ ಅಂಗಳದ ಮಳೆಮಾಪಕವನ್ನು ನೋಡಿ, ಕಪ್ಪು ರಟ್ಟಿನ ಪುಸ್ತಕದಲ್ಲಿ ಆ ದಿನದ ಮಳೆಯನ್ನು ಗುರುತು ಹಾಕದೆ ಅವರು ಕಾಫಿ ಕುಡಿಯುತ್ತಿರಲಿಲ್ಲ. ಬಯಲುಸೀಮೆಯ ವಾಚಕರಿಗಾಗಿ ಒಂದು ಮಾತನ್ನು ಇಲ್ಲಿ ಹೇಳಬೇಕು. ಸರಕಾರವು ಮಳೆಯನ್ನು ಮಿಲಿಮೀಟರುಗಳಲ್ಲಿ ಅಳೆದರೂ ನಮ್ಮ ಕಡೆಯ ತೋಟದವರು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಮಾತಾಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಐದು ಸೆಂಟು ಮಳೆ ಬಂದರೆ ತಂದೆಯವರು ೧–೫ ಎಂದು ಬರೆಯುತ್ತಿದ್ದರು. ಐವತ್ತು ಸೆಂಟಾದರೆ ೧–೫೦. ಕಾಫಿಯ ಹೂಮಳೆ ಎಂದು ಬಂತು, ಅದರ ನಂತರದ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಮುಂದಿನ ಫಸಲು ನಿಂತಿರುವುದರಿಂದ ಈ ಪುಸ್ತಕವು ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿ ಸ್ಥಾನ ಪಡೆದಿದ್ದಿತು. ತಂದೆಯವರ ತರುವಾಯ ಅದು ನನ್ನ ಕೈಗೆ ಬಂದಿತು.

ಸೋದರಳಿಯನು ಚಿಕ್ಕಂದಿನಲ್ಲಿ ಬೇಸಗೆಯ ರಜಕ್ಕೆ ಬಂದಾಗಲೆಲ್ಲ ಈ ಪುಸ್ತಕವನ್ನು ತಿರುವಿಹಾಕುತ್ತಿದ್ದನು. ದೊಡ್ಡವನಾಗಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಹತ್ತು ವರ್ಷ ಯಾರಯಾರದೋ ಲೆಕ್ಕಪತ್ರಗಳಿಗೆ ತಂತ್ರಾಂಶ ಬರೆದು ಬೇಸತ್ತು, ೨೦೨೧ರಲ್ಲಿ ಆ ಕೆಲಸವನ್ನು ಬಿಟ್ಟನು. ಬಿಟ್ಟು ಮಾಡಿದ ಮೊದಲ ಕಾರ್ಯವೇ ಈ ಆ್ಯಪು. ಅದರಲ್ಲಿ ಮಳೆಯ ಲೆಕ್ಕವುಂಟು, ಆಳುಗಳ ಹಾಜರಿಯುಂಟು, ಯಾರು ಎಷ್ಟು ಕಿಲೋ ಹಣ್ಣು ಕುಯ್ದರೆಂಬುದನ್ನು ಹಾಕಿದರೆ ವಾರದ ಬಟವಾಡೆಯನ್ನು ತಾನೇ ಕೂಡಿ ಕಳೆದು ಹೇಳುತ್ತದೆ. ಎಲ್ಲವೂ ಕನ್ನಡದಲ್ಲಿ. ದೀಪಾವಳಿಗೆ ಬಂದಾಗ ನನ್ನ ಫೋನಿನಲ್ಲಿ ಅದನ್ನು ಸ್ಥಾಪಿಸಿ, "ನಿಮ್ಮ ತಂದೆಯವರ ಪುಸ್ತಕವೇ ಇದು, ಮಾವ, ರಟ್ಟು ಮಾತ್ರ ಬೇರೆ" ಎಂದನು. ನನಗೆ ಕಣ್ಣು ಹನಿಗೂಡಿದ್ದು ಸುಳ್ಳಲ್ಲ. "ಇದಕ್ಕೆ ಬೆಲೆ ಎಷ್ಟು?" ಎಂದು ಕೇಳಿದೆನು. "ಊರವರಿಗೆ ನೂರು ರೂಪಾಯಿ. ನಿಮಗೆ ಬಿಟ್ಟಿ" ಎಂದನು.

ಇಲ್ಲಿ ನನ್ನ ಅಪರಾಧವನ್ನು ಒಪ್ಪಿಕೊಳ್ಳಬೇಕು. ನಾನು ಬಿಟ್ಟಿಯಾಗಿ ಪಡೆದುದಷ್ಟೇ ಅಲ್ಲ, ಸ್ನೇಹಿತರಲ್ಲಿ ಜಂಬಪಟ್ಟುಕೊಂಡು, "ನಮ್ಮ ಹುಡುಗನದೇ ಆ್ಯಪು, ನಿಮಗೇಕೆ ನೂರು ರೂಪಾಯಿ? ನಾನು ಹೇಳುತ್ತೇನೆ" ಎಂದು ಒಂಬತ್ತು ಮಂದಿಗೆ ಬಿಟ್ಟಿಯಾಗಿಯೇ ಕೊಡಿಸಿದೆನು. ಅವರಲ್ಲಿ ಒಬ್ಬರಿಗೂ ನೂರು ರೂಪಾಯಿ ಭಾರವಲ್ಲ. ಸಂತೆಯ ದಿನ ಪೇಟೆಗೆ ಬಂದರೆ ಎರಡು ಮಸಾಲೆ ದೋಸೆಗೂ ಕಾಫಿಗೂ ಅಷ್ಟನ್ನು ಯೋಚಿಸದೆ ತೆರುವವರು. ಆದರೆ ದೋಸೆಯು ಕಣ್ಣಿಗೆ ಕಾಣುತ್ತದೆ; ಹೊಟ್ಟೆಗೆ ಹೋಗುತ್ತದೆ. ಫೋನಿನೊಳಗಿನ ವಸ್ತುವು ಗಾಳಿಯಲ್ಲಿ ಬಂದುದು. ಒಬ್ಬನಿಗೆ ಕೊಟ್ಟರೆ ಕೊಟ್ಟವನ ಬಳಿ ಏನೂ ಕಡಮೆಯಾಗುವುದಿಲ್ಲ. ಕಡಮೆಯಾಗದ ವಸ್ತುವಿಗೆ ಬೆಲೆಯೇಕೆ ಎಂಬುದು ನಮ್ಮೆಲ್ಲರ ಒಳತರ್ಕ. ಅದನ್ನು ಮಾಡಿದವನ ಎರಡು ವರ್ಷದ ಆಯುಷ್ಯವು ಕಡಮೆಯಾಗಿರುವುದು ನಮಗೆ ತೋರುವುದಿಲ್ಲ.

ಮೊದಲ ಆರು ತಿಂಗಳಲ್ಲಿ ದುಡ್ಡು ಕೊಟ್ಟು ಕೊಂಡವರು ಎಂಬತ್ತು ಮಂದಿ. ಎಂಟು ಸಾವಿರ ರೂಪಾಯಿ. ಅದರಲ್ಲಿ ನೂರಕ್ಕೆ ಹದಿನೈದರಂತೆ ಅಂಗಡಿಯವರ ಪಾಲು ಹೋಗಿ ಉಳಿದದ್ದು ಆರು ಸಾವಿರದ ಎಂಟುನೂರು.

ಅಂಗಡಿಯ ವಿಷಯವಾಗಿ ಅವನು ಆಗ ನನಗೆ ವಿವರಿಸಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ; ಈ ವ್ಯಾಪಾರದ ಬೇರು ಅಲ್ಲಿದೆ. ಫೋನಿಗೆ ಆ್ಯಪುಗಳನ್ನು ಮಾರುವ ಆ್ಯಪಲ್ ಕಂಪನಿಯ ಅಂಗಡಿಯು ತೆರೆದದ್ದು ೨೦೦೮ರ ಜುಲೈ ೧೦ರಂದು, ಸುಮಾರು ೫೦೦ ಆ್ಯಪುಗಳೊಡನೆ. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್‌ನವರದೂ ತೆರೆಯಿತು. ಮಾರಾಟದ ಬೆಲೆಯಲ್ಲಿ ನೂರಕ್ಕೆ ೩೦ ಅಂಗಡಿಗೆ, ೭೦ ಬರೆದವನಿಗೆ ಎಂಬುದು ಅಂದಿನ ನಿಯಮವಾಗಿದ್ದಿತು. ಅದಕ್ಕೆ ಮೊದಲು ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟು ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುತ್ತಿದ್ದರು. ಮನೆಯಲ್ಲಿ ಕುಳಿತು ಬರೆಯುವ ಒಬ್ಬಂಟಿಗನಿಗೆ ಅಲ್ಲಿ ಪ್ರವೇಶ ದುರ್ಲಭವಾಗಿದ್ದಿತು. ಆದುದರಿಂದ ನೂರಕ್ಕೆ ಎಪ್ಪತ್ತೆಂಬುದು ಆ ಕಾಲಕ್ಕೆ ಉದಾರವಾಗಿಯೇ ಕಂಡಿತು. ಮುಂದೆ ೨೦೨೧ರಲ್ಲಿ ಎರಡು ಅಂಗಡಿಗಳವರೂ ವರ್ಷಕ್ಕೆ ಹತ್ತು ಲಕ್ಷ ಡಾಲರನ್ನು ಮೀರದ ಸಣ್ಣವರ ಪಾಲಿಗೆ ತಮ್ಮ ವರ್ತನೆಯನ್ನು ೧೫ಕ್ಕೆ ಇಳಿಸಿದರು. ನಮ್ಮ ಹುಡುಗನು ಈ ಸಣ್ಣವರಲ್ಲಿಯೂ ಸಣ್ಣವನು.

ಆದರೆ ಅಂಗಡಿಯ ಪಾಲಿಗಿಂತ ಹೆಚ್ಚಿನ ಪೆಟ್ಟು ಬಿದ್ದುದು ಬೆಲೆಯಿಂದಲೇ. ಅಂಗಡಿಯ ಮುಂಬಾಗಿಲಲ್ಲಿ ಒಂದು ಪಟ್ಟಿಯಿರುತ್ತದೆ. ಯಾವ ಆ್ಯಪನ್ನು ಹೆಚ್ಚು ಮಂದಿ ಇಳಿಸಿಕೊಂಡರೋ ಅದು ಪಟ್ಟಿಯ ತಲೆಗೆ ಏರುತ್ತದೆ. ತಲೆಗೇರಿದ್ದನ್ನು ಮತ್ತಷ್ಟು ಮಂದಿ ಕೊಳ್ಳುತ್ತಾರೆ. ಪಟ್ಟಿಯನ್ನು ಏರಲು ಸುಲಭವಾದ ಮೆಟ್ಟಿಲು ಬೆಲೆಯನ್ನು ಇಳಿಸುವುದು. ಐದು ಡಾಲರಿನವನು ಎರಡಕ್ಕಿಳಿದನು, ಎರಡರವನು ೯೯ ಸೆಂಟಿಗಿಳಿದನು. ಅದಕ್ಕಿಂತ ಕೆಳಗೆ ಮೆಟ್ಟಿಲಿಲ್ಲವೆಂದುಕೊಂಡಾಗ ಸೊನ್ನೆಯೆಂಬ ಮೆಟ್ಟಿಲು ಕಾಣಿಸಿತು. ೨೦೦೯ರ ಅಕ್ಟೋಬರಿನಲ್ಲಿ ಆ್ಯಪಲ್‌ನವರು ಬಿಟ್ಟಿ ಆ್ಯಪಿನ ಒಳಗೆ ಬಿಡಿಬಿಡಿಯಾಗಿ ಸಾಮಾನು ಮಾರಲು ಒಪ್ಪಿಗೆ ಕೊಟ್ಟರು. ಬಾಗಿಲಲ್ಲಿ ಟಿಕೆಟ್ಟಿಲ್ಲ, ಒಳಗೆ ಕುಳಿತುಕೊಳ್ಳುವ ಚಾಪೆಗೆ ದುಡ್ಡು ಎಂಬಂತೆ. ನಮ್ಮ ದೇಶದಲ್ಲಿ ಗೂಗಲ್‌ನವರು ೨೦೧೫ರಲ್ಲಿ ಆ್ಯಪಿನ ಕನಿಷ್ಠ ಬೆಲೆಯನ್ನು ೫೦ ರೂಪಾಯಿಯಿಂದ ೧೦ ರೂಪಾಯಿಗೆ ಇಳಿಸಿದರು. ಹತ್ತು ರೂಪಾಯಿಯಾದರೂ ಕೊಡುವವನಿಗೆ ಹತ್ತು ದೊಡ್ಡದಲ್ಲ. ಕೊಡದವನಿಗೆ ಹತ್ತಕ್ಕೂ ಸಾವಿರಕ್ಕೂ ಭೇದವಿಲ್ಲ. ಸೊನ್ನೆಗೂ ಒಂದಕ್ಕೂ ನಡುವೆ ಇರುವ ಹಳ್ಳವು ಒಂದಕ್ಕೂ ನೂರಕ್ಕೂ ನಡುವಿನದಕ್ಕಿಂತ ಅಗಲವಾದುದೆಂದು ಅವನು ಕಷ್ಟಪಟ್ಟು ಕಲಿತನು.

ಇದು ನಮ್ಮವರ ಜಿಪುಣತನ ಮಾತ್ರವೆಂದು ನಾನು ಮೊದಲು ತಿಳಿದಿದ್ದೆ. ಹಾಗಲ್ಲವೆಂಬುದಕ್ಕೆ ಅವನು ಒಂದು ಕತೆಯನ್ನು ಹೇಳಿದನು. ೨೦೧೪ರಲ್ಲಿ ಲಂಡನ್ನಿನ ಒಂದು ಸಂಸ್ಥೆಯವರು 'ಮಾನ್ಯುಮೆಂಟ್ ವ್ಯಾಲಿ' ಎಂಬ ಆಟವನ್ನು ಮಾಡಿದರು. ಚಿತ್ರದಂತೆ ಸುಂದರವಾದ ಆಟ; ಜಾಹೀರಾತಿಲ್ಲ; ಸುಮಾರು ನಾಲ್ಕು ಡಾಲರು ಬೆಲೆ. ಅದೇ ವರ್ಷದ ನವೆಂಬರಿನಲ್ಲಿ ಹೊಸ ಅಧ್ಯಾಯಗಳನ್ನು ರಚಿಸಿ ಅವಕ್ಕೆ ಎರಡು ಡಾಲರು ಕೇಳಿದರು. ಆಗ, ಮೊದಲ ಆಟವನ್ನು ಹೊಗಳಿದ್ದವರಲ್ಲಿಯೇ ಕೆಲವರು ಸಿಟ್ಟಾಗಿ, ಐದು ನಕ್ಷತ್ರಗಳಿದ್ದ ಕಡೆ ಒಂದೇ ನಕ್ಷತ್ರವನ್ನು ಹಾಕಿ ನಿಂದಿಸಿದರು. ಸಾವಿರಾರು ರೂಪಾಯಿಯ ಫೋನನ್ನು ಕೈಯಲ್ಲಿ ಹಿಡಿದವರು ಎರಡು ಡಾಲರಿಗೆ ವಂಚನೆಯಾಯಿತೆಂದು ಕೂಗಿದರು! ಆದರೆ ಆ ಕತೆಯ ಉಳಿದರ್ಧವನ್ನೂ ಹೇಳಬೇಕು. ೨೦೧೫ರ ಆರಂಭದಲ್ಲಿ ಆ ಸಂಸ್ಥೆಯವರು ತಮ್ಮ ಲೆಕ್ಕವನ್ನು ಬಹಿರಂಗಪಡಿಸಿದರು. ಆಟವನ್ನು ಮಾಡಲು ತಗಲಿದ್ದು ಸುಮಾರು ಎಂಟೂವರೆ ಲಕ್ಷ ಡಾಲರು. ಬಂದದ್ದು ಐವತ್ತೆಂಟು ಲಕ್ಷದ ಸುಮಾರು. ಬೆಲೆ ಕಟ್ಟಿದ ಒಳ್ಳೆಯ ವಸ್ತುವು ಬದುಕಬಲ್ಲದು. ಆದರೆ ಅದಕ್ಕೆ ಲೋಕವೆಲ್ಲ ಗಿರಾಕಿಯಾಗಿರಬೇಕು. ನಮ್ಮ ಹುಡುಗನ ಗಿರಾಕಿಗಳು ಮೂರು ಜಿಲ್ಲೆಗಳ ಕಾಫಿ ಬೆಳೆಗಾರರು.

೨೦೨೨ರಲ್ಲಿ ಅವನು ಸೋತು ಆ್ಯಪನ್ನು ಬಿಟ್ಟಿ ಮಾಡಿದನು. ಮೂರೇ ತಿಂಗಳಲ್ಲಿ ಎಂಬತ್ತು ಹೋಗಿ ಆರು ಸಾವಿರ ಮಂದಿಯಾದರು. ಸಂಪಾದನೆಗಾಗಿ ಜಾಹೀರಾತುಗಳನ್ನು ಸೇರಿಸಿದನು. ನಾನು ಬೆಳಿಗ್ಗೆ ಮಳೆ ಬರೆಯಲು ಹೋದರೆ ಪರದೆಯ ಕೆಳಗೆ ಒಬ್ಬ ಹೆಂಗಸು ಕುಣಿಯುತ್ತ ತಲೆಗೆ ಹಚ್ಚುವ ಎಣ್ಣೆಯನ್ನು ತೋರಿಸುವಳು. ಶನಿವಾರ ಬಟವಾಡೆಯ ಮೊತ್ತವು ಬರುವ ಜಾಗದಲ್ಲಿಯೇ, ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆಂಬ ಪ್ರಕಟಣೆ. ಕೈಯಲ್ಲಿ ದುಡ್ಡಿಲ್ಲದೆ ಆಳುಗಳ ಮುಖ ನೋಡಲು ನಾಚುವ ಹೊತ್ತಿಗೆ ಸರಿಯಾಗಿ ಅದು ಹೇಗೆ ಬರುತ್ತಿತ್ತೋ ತಿಳಿಯದು! ನೆರೆಯ ತೋಟದ ಒಬ್ಬರು ಕನ್ನಡಕವಿಲ್ಲದೆ ಅದನ್ನು ಒತ್ತಿ, ಮೂರು ದಿನ ಸಾಲದವರ ಫೋನುಗಳಿಗೆ ಉತ್ತರ ಕೊಟ್ಟರು.

ಇಷ್ಟೆಲ್ಲ ಆಗಿಯೂ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಹುಟ್ಟುತ್ತಿರಲಿಲ್ಲ. ಕಾರಣವನ್ನು ಅವನು ಹೇಳಿದಾಗ ನನಗೆ ವಿಚಿತ್ರವೆನಿಸಿತು. ಜಾಹೀರಾತಿನ ಸಂಪಾದನೆಯು ಜನರು ಆ್ಯಪಿನಲ್ಲಿ ಕಳೆಯುವ ಹೊತ್ತನ್ನು ಅವಲಂಬಿಸಿದೆ. ಅವನ ಆ್ಯಪಿನ ಗುಣವೆಂದರೆ, ಒಂದು ನಿಮಿಷದಲ್ಲಿ ಲೆಕ್ಕ ಮುಗಿಸಿ ಬೆಳೆಗಾರನನ್ನು ತೋಟಕ್ಕೆ ಕಳುಹಿಸುವುದು. ಯಾವುದು ಅದರ ಗುಣವೋ ಅದೇ ಅದರ ಬಡತನಕ್ಕೆ ಕಾರಣವಾಯಿತು. ಸಂಪಾದನೆ ಹೆಚ್ಚಬೇಕಾದರೆ ಬೆಳೆಗಾರನನ್ನು ಹಿಡಿದು ಕೂರಿಸಬೇಕು. ಆದುದರಿಂದ ರಾಶಿಫಲ ಬಂದಿತು, ರಸಪ್ರಶ್ನೆ ಬಂದಿತು, ನಾಲ್ಕು ದಿನ ತೆರೆಯದಿದ್ದರೆ 'ನಿಮ್ಮನ್ನು ಕಾಣದೆ ಬೇಸರವಾಗಿದೆ' ಎಂಬ ಸಂದೇಶವು ಬರತೊಡಗಿತು. ಹೂಮಳೆಯ ದಿನದಿಂದ ನಂತರದ ಮಳೆಯನ್ನು ಲೆಕ್ಕಹಾಕಿ ಎಚ್ಚರಿಸುವ ಒಂದು ಸೊಗಸಾದ ವ್ಯವಸ್ಥೆಯನ್ನು ಅವನು ಯೋಚಿಸಿದ್ದನು. ಅದಕ್ಕೆ ಹೊತ್ತೇ ಸಿಕ್ಕಲಿಲ್ಲ. ಅವನ ಹೊತ್ತೆಲ್ಲ ರಾಶಿಫಲಕ್ಕೆ ಹೋಯಿತು. ದುಡ್ಡು ಕೊಡುವವನು ಯಜಮಾನ ತಾನೆ! ಆರು ಸಾವಿರ ಬೆಳೆಗಾರರು ಏನೂ ಕೊಡದೆ ಇದ್ದುದರಿಂದ ಯಜಮಾನಿಕೆಯು ಎಣ್ಣೆಯವರಿಗೂ ಸಾಲದವರಿಗೂ ಹೋಯಿತು. ಇದರಲ್ಲಿ ಹುಡುಗನ ತಪ್ಪೆಷ್ಟು, ನಮ್ಮ ತಪ್ಪೆಷ್ಟು ಎಂಬುದನ್ನು ವಾಚಕರೇ ತೂಗಬೇಕು.

೨೦೨೩ರ ಡಿಸೆಂಬರಿನಲ್ಲಿ, ಕುಯ್ಲಿನ ಗಡಿಬಿಡಿಯ ನಡುವೆ, ಅವನು ಒಬ್ಬನೇ ಬಂದನು. ಮುಖ ಬಾಡಿದ್ದಿತು. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ವಿಷಯವನ್ನು ತೆಗೆದನು. ಕಾಫಿ ವ್ಯಾಪಾರದ ಒಂದು ಸಂಸ್ಥೆಯವರು ಅವನನ್ನು ಕರೆಸಿದ್ದರಂತೆ. ಆ್ಯಪಿನಲ್ಲಿ ಕೂಡಿರುವ ಲೆಕ್ಕಗಳನ್ನು ವಾರಕ್ಕೊಮ್ಮೆ ತಮಗೆ ಒದಗಿಸಿದರೆ ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿ ಕೊಡುತ್ತೇವೆಂದರಂತೆ.

"ಬೆಳೆಗಾರರ ಹೆಸರು ಬೇಡವಂತೆ, ಮಾವ. ಯಾವ ಹೋಬಳಿಯಲ್ಲಿ ಎಷ್ಟು ಕುಯ್ಲಾಯಿತು, ಎಷ್ಟು ಆಳು, ಬಟವಾಡೆ ಎಷ್ಟು ಎಂಬುದು ಸಾಕಂತೆ."

ನಾನು ಇಪ್ಪತ್ತೈದು ವರ್ಷ ಮೇಷ್ಟರ ಕೆಲಸ ಮಾಡಿದವನಾದರೂ ತೋಟದವನ ಮಗ. ನಮ್ಮ ಹೋಬಳಿಯಲ್ಲಿ ಕುಯ್ಲೆಷ್ಟು ಎಂಬುದೂ, ಯಾವ ವಾರ ನಮಗೆ ಬಟವಾಡೆಗೆ ಹಣ ಬೇಕೆಂಬುದೂ ಕೊಳ್ಳುವವನಿಗೆ ಮುಂಚಿತವಾಗಿ ತಿಳಿದಮೇಲೆ, ಆ ವಾರ ಅವನು ಯಾವ ಧಾರಣೆಯನ್ನು ಹೇಳುವನೆಂಬುದನ್ನು ತಿಳಿಯಲು ಶಾಸ್ತ್ರ ಓದಬೇಕಾಗಿಲ್ಲ. ನಮ್ಮ ತಂದೆಯವರು ವ್ಯಾಪಾರಿಯು ಬಂದಾಗ ಮಳೆಯ ಪುಸ್ತಕವನ್ನು ಕೂಡ ಒಳಗೆ ತೆಗೆದಿಡುತ್ತಿದ್ದರು. ನನಗೆ ಕೋಪ ಬಂದಿತು. "ಇದಕ್ಕೆ ಯೋಚನೆಯೇಕೆ? ಆಗದು ಎಂದು ಹೇಳಿ ಬಾ" ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗದು ಎನ್ನುವುದಕ್ಕೂ ಬಂಡವಾಳ ಬೇಕು, ಮಾವ" ಎಂದನು. ಬೆಂಗಳೂರಿನ ಬಾಡಿಗೆ, ಮಗಳ ಶಾಲೆಯ ಶುಲ್ಕ, ಎರಡು ವರ್ಷದಲ್ಲಿ ಕರಗಿದ ಉಳಿತಾಯ ಇವುಗಳನ್ನು ಅವನು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ.

ನಾನು ನ್ಯಾಯ ಅನ್ಯಾಯಗಳ ವಿಷಯವಾಗಿ ಉಪದೇಶಕ್ಕೆ ತೊಡಗಿದೆ. ನಮ್ಮ ಮನೆಯವಳು ಬಾಗಿಲ ಬಳಿ ಅಡಕೆ ಕತ್ತರಿಸುತ್ತ ಕುಳಿತಿದ್ದಳು. ತಲೆಯೆತ್ತದೆಯೇ, "ಅವನು ಕೇಳಲಾರ, ನಾನು ಕೇಳುತ್ತೇನೆ. ಈ ಎರಡು ವರ್ಷದಲ್ಲಿ ನೀವು ಆ ಆ್ಯಪಿಗೆ ಎಷ್ಟು ಕೊಟ್ಟಿದ್ದೀರಿ?" ಎಂದಳು.

ನಾನು ಉತ್ತರವನ್ನು ಕೊಡಲಿಲ್ಲ. ಕೊಡುವಂಥದೂ ಇರಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ನಾನು ಯೋಚಿಸಿದುದು ನಮ್ಮ ಹುಡುಗನ ಸಂಗತಿಯನ್ನು ಮಾತ್ರವಲ್ಲ. ಈಗ ನಮ್ಮ ಮನೆಮನೆಯಲ್ಲಿರುವ ವಾಟ್ಸಾಪಿನ ಚರಿತ್ರೆಯೂ ಇಂಥದೇ. ೨೦೦೯ರಲ್ಲಿ ಹುಟ್ಟಿದ ಅದು, ಜಾಹೀರಾತು ಬೇಡ, ಬಳಸುವವರು ವರ್ಷಕ್ಕೊಂದು ಡಾಲರಿನಷ್ಟು ಕೊಡಲಿ ಎಂಬ ಪಂಥವನ್ನು ಹಿಡಿದಿದ್ದಿತು. ತಾವು ಜಾಹೀರಾತನ್ನು ಏಕೆ ಮಾರುವುದಿಲ್ಲವೆಂಬುದನ್ನು ಅದನ್ನು ಕಟ್ಟಿದವರು ೨೦೧೨ರಲ್ಲಿ ಬರೆದೇ ಪ್ರಕಟಿಸಿದ್ದರು. ೨೦೧೪ರಲ್ಲಿ ಫೇಸ್‌ಬುಕ್ಕಿನವರು ಅದನ್ನು ೧,೯೦೦ ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡರು. ೨೦೧೬ರ ಜನವರಿಯಲ್ಲಿ ಆ ಒಂದು ಡಾಲರನ್ನೂ ಬಿಟ್ಟುಬಿಟ್ಟರು. ಬಹುಮಂದಿಯ ಬಳಿ ಬ್ಯಾಂಕಿನ ಕಾರ್ಡೇ ಇಲ್ಲ, ವರ್ಷ ಕಳೆದರೆ ಬಂಧುಗಳ ಸಂಪರ್ಕ ತಪ್ಪೀತೆಂದು ಅವರು ಹೆದರುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಅದು ಸುಳ್ಳೂ ಅಲ್ಲ. ಆದರೆ ೨೦೨೫ರ ಜೂನಿನಲ್ಲಿ ಅದೇ ವಾಟ್ಸಾಪಿನ ಒಂದು ಭಾಗದಲ್ಲಿ ಜಾಹೀರಾತುಗಳನ್ನು ತರುವುದಾಗಿ ಸಾರಿದುದನ್ನು ಪತ್ರಿಕೆಯಲ್ಲಿ ಓದಿದಾಗ, ಆ ಡಿಸೆಂಬರಿನ ರಾತ್ರಿಯ ನನ್ನ ಯೋಚನೆಯು ದಾರಿ ತಪ್ಪಿರಲಿಲ್ಲವೆಂದು ಕಂಡಿತು. ನಾವು ಕೊಡದೆ ಉಳಿಸಿದ ರೂಪಾಯಿಯು ಬೇರೆ ಬಾಗಿಲಿನಿಂದ ಬೇರೆಯವರ ಕೈಯಿಂದ ಬರುತ್ತದೆ. ಬರುವಾಗ ಅವರ ಅಪ್ಪಣೆಯನ್ನೂ ತರುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದುದನ್ನು ನಾನು ಮರೆತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡವು ಬೇರೂರಿದುದೇ ಉಚಿತದಿಂದ. ಕೆ. ಪಿ. ರಾಯರು ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಅವರ ಹೆಸರನ್ನಿಟ್ಟು ಜನರಿಗೆ ಹಾಗೆಯೇ ಕೊಟ್ಟರು. ಶೇಷಾದ್ರಿವಾಸು ಅವರ 'ಬರಹ'ವು ೧೯೯೮ರಲ್ಲಿ ಉಚಿತವಾಗಿಯೇ ಬಂದು, ಹೊರನಾಡಿನ ಕನ್ನಡಿಗರಿಗೂ ತಾಯ್ನುಡಿಯಲ್ಲಿ ಕಾಗದ ಬರೆಯುವ ಭಾಗ್ಯವನ್ನು ಕೊಟ್ಟಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಉಚಿತವೇ. ಇವರೆಲ್ಲ ಅಕ್ಷರಕ್ಕೆ ಬೆಲೆ ಕಟ್ಟಿದ್ದರೆ ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳು ಕನ್ನಡದಲ್ಲಿ ಬೆರಳಚ್ಚು ಕಲಿಯುತ್ತಿದ್ದರು? ಊರಿನ ಬಾವಿಯಂತೆ ಎಲ್ಲರಿಗೂ ಬೇಕಾದ ವಸ್ತುಗಳುಂಟು. ಅವಕ್ಕೆ ಸರಕಾರವೋ ಪರಿಷತ್ತೋ ಮಹನೀಯರ ಔದಾರ್ಯವೋ ದಾರಿಯಾಗಬೇಕು. ಆದರೆ ಬಾವಿ ತೋಡಿಸಿದ ಮಹನೀಯರಿಗೆ ಹೊಟ್ಟೆಪಾಡಿಗೆ ಬೇರೆ ಏನಾದರೊಂದು ಇದ್ದೇ ಇರುತ್ತದೆ. ಹೊಟ್ಟೆಪಾಡಿಗೆ ಅದೊಂದನ್ನೇ ನಂಬಿದವನಿಂದ ಬಾವಿಯನ್ನು ಅಪೇಕ್ಷಿಸುವುದು ನ್ಯಾಯವಲ್ಲ.

ಬೆಳಿಗ್ಗೆ ಅವನಿಗೆ ಗಳಗನಾಥರ ಸಂಗತಿಯನ್ನು ಹೇಳಿದೆನು. ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದ ಪುಣ್ಯಾತ್ಮರವರು. ಧಾರವಾಡದಲ್ಲಿ ೧೯೩೩ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಕ್ರಮವನ್ನೂ ಹೇಳಿದೆನು. ವರ್ಷಕ್ಕಿಷ್ಟು ಎಂದು ಚಂದಾ ಕೊಡುವ ಓದುಗರನ್ನು ಮೊದಲು ಕೂಡಿಸುವುದು, ಅವರನ್ನು ನಂಬಿ ಪುಸ್ತಕಗಳನ್ನು ಅಚ್ಚುಹಾಕಿಸುವುದು. ಅವನು ಕಿವಿಗೊಟ್ಟು ಕೇಳಿ, "ನಮ್ಮ ತೊಂದರೆಗೆ ಅದೇ ಸರಿ, ಮಾವ. ಪುಸ್ತಕವನ್ನಾದರೂ ಒಮ್ಮೆ ಅಚ್ಚುಹಾಕಿದರೆ ಮುಗಿಯಿತು. ಆ್ಯಪು ನಿಮ್ಮ ತೋಟವಿದ್ದಂತೆ" ಎಂದನು. ವರ್ಷಕ್ಕೊಮ್ಮೆ ಫೋನಿನ ಒಳವ್ಯವಸ್ಥೆಯು ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಆ್ಯಪನ್ನು ತಿದ್ದದಿದ್ದರೆ ಅಂಗಡಿಯವರು ಹೊಸ ಫೋನುಗಳಿಗೆ ಅದನ್ನು ತೋರಿಸುವುದಿಲ್ಲ. ಲೆಕ್ಕಗಳನ್ನು ಕೂಡಿಡುವ ದೂರದ ಯಂತ್ರಕ್ಕೆ ತಿಂಗಳು ತಿಂಗಳು ಬಾಡಿಗೆಯುಂಟು. ಕಳೆ ಕೀಳದೆ, ಮರಗಸಿ ಮಾಡದೆ ಬಿಟ್ಟ ತೋಟವು ಮೂರು ವರ್ಷಕ್ಕೆ ಕಾಡಾಗುತ್ತದೆಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಒಂದೇ ಸಲ ನೂರು ರೂಪಾಯಿ ತೆಗೆದುಕೊಂಡು ಜೀವಮಾನವೆಲ್ಲ ಕಳೆ ಕೀಳುತ್ತೇನೆಂದು ಅವನು ಮಾತು ಕೊಟ್ಟಿದ್ದನು. ಬೆಲೆ ಕಡಮೆಯೆಂಬುದು ಒಂದು ತಪ್ಪು. ಬೆಲೆಯ ರೀತಿಯೇ ತಪ್ಪೆಂಬುದು ಅದಕ್ಕಿಂತ ದೊಡ್ಡದು.

ವ್ಯಾಪಾರದವರಿಗೆ ಅವನು ಆಗದೆಂದು ತಿಳಿಸಿದನು. ೨೦೨೪ರ ಯುಗಾದಿಯಿಂದ ಆ್ಯಪಿನಲ್ಲಿ ಜಾಹೀರಾತುಗಳನ್ನೂ ರಾಶಿಫಲವನ್ನೂ ತೆಗೆದುಹಾಕಿದನು. ಮಳೆಯ ಲೆಕ್ಕವನ್ನು ಎಲ್ಲರಿಗೂ ಬಿಟ್ಟಿಯಾಗಿಯೇ ಉಳಿಸಿದನು. ಒಂದೆರಡು ಎಕರೆಯ ಬಡ ಬೆಳೆಗಾರನಿಗೆ ಬೇಕಾದುದು ಅದೊಂದೇ. ಆಳು ಕಾಳು ಅವನೇ. ಹಾಜರಿ, ಕುಯ್ಲು, ಬಟವಾಡೆಗಳ ಭಾಗಕ್ಕೆ ವರ್ಷಕ್ಕೆ ೩೦೦ ರೂಪಾಯಿ ಚಂದಾ. ಈಗ ಯುಪಿಐ ಇರುವುದರಿಂದ ಕಾರ್ಡಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ. 'ನಿಮ್ಮ ಲೆಕ್ಕವು ನಿಮ್ಮದು. ಅದನ್ನು ಯಾರಿಗೂ ಮಾರುವುದಿಲ್ಲ' ಎಂದು ಮೊದಲ ಪುಟದಲ್ಲಿಯೇ ಬರೆದನು.

ಆರು ಸಾವಿರ ಮಂದಿಯಲ್ಲಿ ಚಂದಾದಾರರಾದವರು ಆ ವರ್ಷ ನಾನೂರು. ಒಂದು ಲಕ್ಷದ ಇಪ್ಪತ್ತು ಸಾವಿರ. ಅಂಗಡಿಯ ಪಾಲು ಹೋಗಿ ಒಂದು ಲಕ್ಷದ ಎರಡು ಸಾವಿರ. ವಾಚಕರು ಇದನ್ನು ಗೆಲವೆಂದು ಎಣಿಸಬಾರದು. ಈ ಹಣದಲ್ಲಿ ಬೆಂಗಳೂರಿನ ಸಂಸಾರವು ನಡೆಯಲಾರದು. ಅವನು ವಾರದಲ್ಲಿ ಮೂರು ದಿನ ಒಂದು ಸಂಸ್ಥೆಗೆ ಕೆಲಸ ಮಾಡಿಕೊಡಲು ಒಪ್ಪಿಕೊಂಡನು. ಉಳಿದ ಹೊತ್ತನ್ನು ಆ್ಯಪಿಗೆ ಇಟ್ಟುಕೊಂಡನು. ಸಣ್ಣ ಬೆಲೆಯೊಂದರಿಂದಲೇ ಬರೆಯುವವನು ಶ್ರೀಮಂತನಾಗುತ್ತಾನೆಂದು ಹೇಳುವವರು ಸಂಖ್ಯೆಯನ್ನು ಗುಣಿಸಿ ನೋಡಿಲ್ಲ. ಸಣ್ಣ ಬೆಲೆಯು ಅನ್ನ ಹಾಕಬೇಕಾದರೆ ಗಿರಾಕಿಗಳು ದೊಡ್ಡ ಸಂಖ್ಯೆಯಲ್ಲಿರಬೇಕು, ಅಥವಾ ಬೆಲೆಯು ವರ್ಷವರ್ಷವೂ ಬರಬೇಕು. ಮೂರು ಜಿಲ್ಲೆಯ ಕನ್ನಡದ ಆ್ಯಪಿಗೆ ಎರಡನೆಯದೇ ಗತಿ, ಅದೂ ನಿಧಾನ.

ಆದರೆ ಇನ್ನೊಂದು ಬದಲಾವಣೆಯಾಯಿತು. ನಾನು ಇದನ್ನು ಬರೆಯಲು ಕುಳಿತುದು ಅದಕ್ಕಾಗಿಯೇ. ಬಿಟ್ಟಿಯಾಗಿದ್ದಾಗ ಆರು ಸಾವಿರ ಮಂದಿಯಲ್ಲಿ ಅವನಿಗೆ ಪ್ರಯೋಜನವಾಗುವ ಮಾತನ್ನು ಹೇಳಿದವರಿಲ್ಲ. ಬೇಡವಾದವರು ಅಳಿಸಿಹಾಕಿದರು, ಸಿಟ್ಟಾದವರು ಒಂದು ನಕ್ಷತ್ರ ಹಾಕಿ ಹೋದರು. ಚಂದಾ ಕೊಟ್ಟವರಾದರೋ ಫೋನು ಮಾಡಿ ತಗಾದೆ ಮಾಡುತ್ತಾರೆ. "ಅರ್ಧ ದಿನದ ಹಾಜರಿಗೆ ಜಾಗವೆಲ್ಲಿ?" ಎಂದೊಬ್ಬರು, "ಮುಂಗಡ ಹಣವನ್ನು ಎರಡು ವಾರದಲ್ಲಿ ಕಡಿಯಬೇಕು, ಒಂದೇ ವಾರದಲ್ಲಿ ಕಡಿದರೆ ಆಳು ಊಟ ಮಾಡುವುದೇನು?" ಎಂದು ಮತ್ತೊಬ್ಬರು. ಅವನು ಒಂದೊಂದನ್ನೂ ಸರಿಪಡಿಸಿದನು. ಎಣ್ಣೆಯವರಿಗೆ ಮುಂಗಡದ ಚಿಂತೆಯಿರಲಿಲ್ಲ, ಇವರಿಗೆ ಇದೆ. ಹೂಮಳೆಯ ಎಚ್ಚರಿಕೆಯೂ ಕೊನೆಗೆ ಸಿದ್ಧವಾಯಿತು.

ಇನ್ನು ನನ್ನ ಪಾಲು. ಚಂದಾ ಆರಂಭವಾದ ದಿನವೇ, ಅವನು ಬೇಡವೆಂದರೂ ಕೇಳದೆ, ಮುನ್ನೂರು ರೂಪಾಯಿಯನ್ನು ಕೊಟ್ಟೆನು. ಫೋನಿಗೆ ರಸೀದಿ ಬಂದಿತು. ಅದನ್ನು ನೋಡುತ್ತಿದ್ದಂತೆ, ಎರಡು ವರ್ಷಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಒಂದು ಮಾತು ತಾನಾಗಿ ಹೊರಗೆ ಬಂದಿತು. ಅವನಿಗೆ ಫೋನು ಮಾಡಿ, "ನಿನ್ನ ಮಳೆಯ ಲೆಕ್ಕವು ತಪ್ಪು ಕಣೋ" ಎಂದೆನು.

ಸಂಗತಿಯಿಷ್ಟೆ. ಒಂದು ಇಂಚು ಐದು ಸೆಂಟನ್ನು ನಾನು ತಂದೆಯವರ ಅಭ್ಯಾಸದಂತೆ ೧.೫ ಎಂದು ಒತ್ತುತ್ತಿದ್ದೆ. ಆ್ಯಪು ಅದನ್ನು ಒಂದೂವರೆ ಇಂಚೆಂದು ತಿಳಿಯುತ್ತಿದ್ದಿತು. ಐದು ಸೆಂಟು ಐವತ್ತಾಗುತ್ತಿದ್ದಿತು. ಮೊದಲ ವರ್ಷದ ಕೊನೆಗೆ ಕೂಡಿ ನೋಡಿದರೆ ಆ್ಯಪಿನ ಮಳೆಯು ಪುಸ್ತಕದ ಮಳೆಗಿಂತ ಹನ್ನೊಂದು ಇಂಚು ಹೆಚ್ಚಾಗಿದ್ದಿತು. ನಾನು ಅದನ್ನು ಆಗಲೇ ಕಂಡಿದ್ದೆ. ಹುಡುಗನು ಪ್ರೀತಿಯಿಂದ ಕೊಟ್ಟಿದ್ದಾನೆ, ಅದರಲ್ಲಿ ಹುಳುಕು ತೆಗೆಯುವುದು ಸಲ್ಲದೆಂದು ಬಾಯಿ ಮುಚ್ಚಿಕೊಂಡು, ಗುಟ್ಟಾಗಿ ಕಪ್ಪು ರಟ್ಟಿನ ಪುಸ್ತಕದಲ್ಲಿಯೇ ಬರೆದುಕೊಂಡು ಬಂದಿದ್ದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಎರಡು ವರ್ಷದಿಂದ ಇದು ನಿಮಗೆ ಗೊತ್ತಿತ್ತೆ, ಮಾವ? ಎಷ್ಟು ಮಂದಿ ಈ ಕಾರಣಕ್ಕೇ ಬಿಟ್ಟುಹೋದರೋ!" ಎಂದನು. ಧ್ವನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುವಾರ ತಿದ್ದಿದ ಆ್ಯಪು ಬಂದಿತು. ಇಂಚಿಗೊಂದು ಮನೆ, ಸೆಂಟಿಗೊಂದು ಮನೆ. ಆ ತಿಂಗಳ ಮಳೆಯನ್ನು ಎರಡರಲ್ಲಿಯೂ ಬರೆದು ಕೂಡಿ ನೋಡಿದೆನು, ಸರಿಹೋಯಿತು. ಆದರೂ ತಂದೆಯವರ ಪುಸ್ತಕವನ್ನು ನಾನು ಬಿಟ್ಟಿಲ್ಲ.

ಈ ಲೇಖನವನ್ನು ಕಳುಹಿಸುವಾಗ, ನಮ್ಮ ಸಂಘದ ಈ ಪತ್ರಿಕೆಗೆ ನಾನು ಸಲ್ಲಿಸಬೇಕಾದ ಎರಡು ವರ್ಷದ ಬಾಕಿ ಚಂದಾವನ್ನೂ ಇದರೊಡನೆ ಕಳುಹಿಸುತ್ತಿದ್ದೇನೆ. ಸಂಪಾದಕರು ಪ್ರತಿ ವರ್ಷವೂ ಕೊನೆಯ ಪುಟದಲ್ಲಿ ಮಾಡುವ ವಿನಯಪೂರ್ವಕವಾದ ವಿಜ್ಞಾಪನೆಯನ್ನು ನಾನು ಓದದೆ ಇರಲಿಲ್ಲ. ಕಳೆದ ಸಂಚಿಕೆಯಲ್ಲಿ ಅಚ್ಚಿನ ತಪ್ಪುಗಳು ಹನ್ನೆರಡು ಇದ್ದುವು. ಅವುಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಲಗತ್ತಿಸಿದ್ದೇನೆ.